ಅಮಾವಾಸ್ಯೆಯ ಬೆಳದಿಂಗಳೂಟ

ಸಾಹಸ ಎಂಬುದು ರಕ್ತದಲ್ಲಿರಬೇಕು ಎನ್ನುತ್ತಾರೆ. ನನ್ನ ರಕ್ತದಲ್ಲಿ ಅದು ಧಾರಾಳವಾಗಿಯೇ ಇತ್ತು. ಹೊರಗೆ ಬರಲು ದಾರಿ ಸಿಕ್ಕಿರಲಿಲ್ಲ, ಅಷ್ಟೆ!

ಎಂಬತ್ತರ ದಶಕದ ಕೊನೆಯ ಮಾತು. ಆಗ ಮಸ್ಕಿಯ ಬಸ್‌ಸ್ಟ್ಯಾಂಡಿನ ಹಿಂದೆ ನಾನು ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದೆ. ಬೆಳಗಿನಿಂದ ಸಂಜೆಯವರೆಗೆ ಟಕಟಕ, ಟಕಟಕ. ಮನೆಯಿಂದ ಮಷಿನಿಗೆ, ಮಷಿನಿನಿಂದ ಮನೆಗೆ. ನನ್ನ ಹೆಂಡತಿ ಸುಭದ್ರಾ ಒಂದು ದಿನ ರೊಟ್ಟಿ ಬಡಿಯುತ್ತ ಅಂದಳು:

"ನಿಮ್ಮ ಹತ್ತು ಬಟ್ಟು ಬಿಟ್ರ ಮೈಯಾಗ ಬ್ಯಾರೆ ಏನೂ ಹಂದ್ಯಾಡಂಗಿಲ್ಲ ನೋಡ್ರಿ. ಮದುವ್ಯಾಗಿ ಇಷ್ಟ ವರ್ಷ ಆತು, ಒಂದು ಹೊಳಿ ತೋರಿಸೀರಿ? ಒಂದು ಗುಡ್ಡ ತೋರಿಸೀರಿ?"

"ಮಸ್ಕಿ ಗುಡ್ಡ ಕಿಡಕ್ಯಾಗ ಕಾಣ್ತದಲ್ಲ," ಎಂದೆ.

ಅವಳು ರೊಟ್ಟಿಯನ್ನು ಸ್ವಲ್ಪ ಜೋರಾಗಿ ಬಡಿದಳು.

ಅದೇ ವಾರ ದೇವರು ಕಳಿಸಿದವರ ಹಾಗೆ ಸಿಂಧನೂರಿನಿಂದ ಹವಾಲ್ದಾರ್ ಪಂಪನಗೌಡರು ನನ್ನ ಇನ್‌ಸ್ಟಿಟ್ಯೂಟಿಗೆ ಬಂದರು. ಫೌಜಿನಿಂದ ಹೊಸದಾಗಿ ನಿವೃತ್ತರಾದವರು. ಅವರ ಮೀಸೆ ಬಾಗಿಲು ದಾಟಿ ಒಳಬಂದ ಮೇಲೆ ಅವರು ಬಂದರು. ಒಂದು ಜಾಹೀರಾತು ಟೈಪು ಮಾಡಿಸಬೇಕಿತ್ತು.

"ಬರಕೋರಿ ಮಾಸ್ತರ. ಸಾಹಸ ಯಾತ್ರೆ! ಕೃಷ್ಣಾ ಹೊಳಿ ನಡುವ ಮರಳಿನ ಗಡ್ಡಿಯೊಳಗ ಒಂದು ರಾತ್ರಿ ವಸ್ತಿ! ಬೆಳದಿಂಗಳೂಟ! ಅಲ್ಲಿ ಒಂದು ನರಪಿಳ್ಳಿ ಇಲ್ಲ. ಬರೇ ಮರಳು, ನೀರು, ಆಕಾಶ. ಗೈಡು ನಾನು."

"ಹೊಳಿ ಅನುಭವ ಐತೇನ್ರಿ ನಿಮಗ?"

"ಅನುಭವಾ?" ಅವರು ಮೀಸೆ ತೀಡಿದರು. "ರಾಜಸ್ಥಾನದ ಮರಳಾಗ ಅರ್ಧ ಆಯುಷ್ಯ ಕಳದೀನಿ!"

ಮರಳುಗಡ್ಡೆ ಎಂದರೆ ಅರ್ಧ ಮರಳು, ಅರ್ಧ ನೀರು. ಅರ್ಧ ಗೊತ್ತಿದ್ದವರು ಗೈಡಾಗಲು ಯೋಗ್ಯರೆಂದು ನಾನು ತೀರ್ಮಾನಿಸಿದೆ. ಅಷ್ಟೇ ಅಲ್ಲ, ಮೊದಲ ಯಾತ್ರಿಕನಾಗಿ ನನ್ನ ಹೆಸರನ್ನೇ ಕೊಟ್ಟೆ.

"ಹುಣ್ಣಿಮಿ ಯಾವಾಗ ಐತಿ ನೋಡ್ರಿ," ಎಂದರು ಹವಾಲ್ದಾರರು.

ಗೋಡೆಯ ಕ್ಯಾಲೆಂಡರಿನಲ್ಲಿ ಆ ತಿಂಗಳು ಎರಡು ವೃತ್ತಗಳಿದ್ದವು. ಒಂದು ಖಾಲಿ. ಇನ್ನೊಂದು ಕಪ್ಪಗೆ ಭರ್ತಿ. ಪೂರ್ಣಚಂದ್ರ ಎಂದರೆ ಪೂರ್ತಿ ತುಂಬಿದ ಚಂದ್ರ ತಾನೆ? ತುಂಬಿದ್ದು ಯಾವುದು? ಕಪ್ಪು ವೃತ್ತ! ತರ್ಕದಲ್ಲಿ ಎಲ್ಲಿಯೂ ಬಿರುಕಿರಲಿಲ್ಲ. ಆ ದಿನವನ್ನೇ ಟೈಪು ಮಾಡಿ ಕೆಳಗೆ ಎರಡು ಗೀಟು ಎಳೆದೆ.

ಊರವರು ಜಾಹೀರಾತು ಓದಿದರು, ಮೆಚ್ಚಿದರು, ಮನೆಗೆ ಹೋದರು. ಕೊನೆಗೆ ಹೊರಟವರು ನಾನು, ಸುಭದ್ರಾ, ನಮ್ಮ ಓಣಿಯ ಕಾಂಪೌಂಡರ್ ಈರಣ್ಣ, ಅವರ ಹೆಂಡತಿ ಬಸಮ್ಮ, ಪಕ್ಕದ ಸೈಕಲ್ ಶಾಪಿನ ಖಾದರ್ ಸಾಬ ಮತ್ತು ಹವಾಲ್ದಾರರು. ಒಟ್ಟು ಆರು ಜನ. ಸುಭದ್ರಾ ಅದೇ ತಾನೆ ಸಂತೆಕಲ್ಲೂರಿನ ತವರಿನಲ್ಲಿ ತಮ್ಮನ ಮದುವೆ ಮುಗಿಸಿ ಬಂದಿದ್ದಳು. ಆ ಗದ್ದಲದಲ್ಲಿ ಅವಳಿಗೆ ವಾರವೂ ನೆನಪಿರಲಿಲ್ಲ, ತಿಥಿಯೂ ನೆನಪಿರಲಿಲ್ಲ. ಬಸಮ್ಮ ಮಾತ್ರ ಲಿಂಗಸುಗೂರಿನ ಬಸ್ಸು ಹತ್ತುವಾಗ ಒಂದು ಅಡ್ಡಪ್ರಶ್ನೆ ಹಾಕಿದರು.

"ಮಾಸ್ತರ, ಇವತ್ತು ಹುಣ್ಣಿಮಿ ಅಂತೀರಿ. ನಿನ್ನಿ ರಾತ್ರಿ ಚಂದ್ರ ಕಾಣಲೇ ಇಲ್ಲಲ್ರೀ?"

"ಮೋಡ ಇತ್ರಿ."

"ಮೋಡ ಎಲ್ಲಿತ್ತು? ಚುಕ್ಕಿ ಎಲ್ಲಾ ಕಾಣಾಕತ್ತಿದ್ವು."

"ಚಂದ್ರನ ಮುಂದ ಅಷ್ಟ ಇತ್ತು!"

ಸುಶಿಕ್ಷಿತನ ಮಾತು. ಬಸಮ್ಮ ನಂಬಿದರು.

ಲಿಂಗಸುಗೂರಿನಲ್ಲಿ ಇನ್ನೊಂದು ಬಸ್ಸು ಹಿಡಿದು, ಅದರಿಂದ ಇಳಿದು ಬೇಸಿಗೆಯ ಧೂಳಿನಲ್ಲಿ ನಡೆದು ನಾವು ಹೊಳೆಯ ದಂಡೆ ಮುಟ್ಟಿದಾಗ ಬಿಸಿಲು ಇಳಿಯುತ್ತಿತ್ತು. ದಂಡೆಯ ಮೇಲೆ ಹರಗೋಲುಗಳು ದೊಡ್ಡ ಬುಟ್ಟಿಗಳ ಹಾಗೆ ಬೋರಲು ಬಿದ್ದಿದ್ದವು. ಅಂಬಿಗರು ಹುಣಸೆಮರದ ಕೆಳಗೆ ಕೂತಿದ್ದರು. ಗಡ್ಡೆಗೆ ಬಿಟ್ಟುಬನ್ನಿ ಎಂದು ಹವಾಲ್ದಾರರು ಕೇಳಿದರೆ ಯಾರೂ ಏಳಲಿಲ್ಲ.

"ಇವತ್ತ ನಾವು ನೀರಿಗೆ ಇಳಿಯಂಗಿಲ್ರಿ," ಎಂದ ಒಬ್ಬ.

"ಯಾಕ?"

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಹರಗೋಲು ಬೇಕಾದ್ರ ಒಯ್ರಿ. ನಾವು ಮಾತ್ರ ಬರಂಗಿಲ್ಲ."

ಅವರ ನಡುವೆ ಕೂತಿದ್ದ ಒಬ್ಬ ಮುದುಕ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದ. ಆಮೇಲೆ ಏನೋ ಮುಗಿಯಿತು ಎಂಬಂತೆ ಕಣ್ಣು ಮುಚ್ಚಿಕೊಂಡ. ನನ್ನ ಬೆನ್ನಿನಲ್ಲಿ ಒಂದು ಸಣ್ಣ ಚಳಿ ಹರಿಯಿತು. ಬೇಸಿಗೆಯಲ್ಲಿ ಚಳಿ! ಆರೋಗ್ಯಕ್ಕೆ ಒಳ್ಳೆಯದೆಂದುಕೊಂಡೆ.

ಹರಗೋಲನ್ನು ಹವಾಲ್ದಾರರೇ ನಡೆಸಿದರು. ಅದು ಮುಂದೆ ಹೋಗುವುದಕ್ಕಿಂತ ಮೊದಲು ತನ್ನ ಸುತ್ತಲೇ ತಿರುಗಿ, ಎರಡೂ ದಂಡೆಗಳನ್ನು ನಮಗೆ ಸಾವಕಾಶವಾಗಿ ತೋರಿಸಿತು. ಈರಣ್ಣ ತಾವು ತಂದ ಔಷಧಿ ಪೆಟ್ಟಿಗೆಯಿಂದ ವಾಂತಿಗುಳಿಗೆ ತೆಗೆದು, ಮೊದಲು ತಾವೇ ನುಂಗಿದರು. ಹೇಗೋ ಗಡ್ಡೆ ಸೇರಿದೆವು. ಹವಾಲ್ದಾರರು ಮರಳಿನಲ್ಲಿ ಗೂಟ ಬಡಿದು, ಉದ್ದನೆಯ ಹಗ್ಗದಿಂದ ಹರಗೋಲನ್ನು ಕಟ್ಟಿದರು.

"ಫೌಜಿ ಗಂಟು. ಆನಿ ಜಗ್ಗಿದ್ರೂ ಬಿಚ್ಚಂಗಿಲ್ಲ!"

ಗಡ್ಡೆ ನಾನಂದುಕೊಂಡದ್ದಕ್ಕಿಂತ ದೊಡ್ಡದಿತ್ತು. ನಾವಿದ್ದ ಕಡೆ ಬಿಳಿ ಮರಳು ನೀರಿನ ಮಟ್ಟಕ್ಕೆ ಚಾಪೆಯ ಹಾಗೆ ಹಾಸಿತ್ತು. ಆಚೆ ತುದಿ ಎತ್ತರವಾಗಿದ್ದು, ಅಲ್ಲಿ ಜಾಲಿಯ ಗಿಡಗಳು ಕಪ್ಪಗೆ ನಿಂತಿದ್ದವು. ಗಾಳಿ ಇರಲಿಲ್ಲ. ಹೊಳೆ ಹರಿಯುತ್ತಿತ್ತು, ಆದರೆ ಸದ್ದಿರಲಿಲ್ಲ. ಯಾರೋ ಉಸಿರು ಬಿಗಿಹಿಡಿದು ಕೂತ ಹಾಗೆ.

ಸುಭದ್ರಾ ಮರಳನ್ನು ಕೈಯಲ್ಲಿ ಹಿಡಿದು ಬೆರಳ ಸಂದಿಯಿಂದ ಇಳಿಬಿಟ್ಟಳು. "ಎಷ್ಟ ಚಂದ ಐತ್ರೀ," ಎಂದಳು. ಆ ಮಾತು ಕೇಳಿ ನನ್ನ ಎದೆ ಒಂದು ಗೇಣು ಅಗಲವಾಯಿತು. ಅದು ಅಗಲವಾಗಿ ಉಳಿದದ್ದು ಸೂರ್ಯ ಮುಳುಗುವ ತನಕ.

ಸಜ್ಜೆರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಬಿಚ್ಚಿಟ್ಟುಕೊಂಡು ಪೂರ್ವಕ್ಕೆ ಮುಖಮಾಡಿ ಸಾಲಾಗಿ ಕೂತೆವು. ಚಂದ್ರ ಬಂದ ಮೇಲೆ ಊಟ ಎಂದು ಹವಾಲ್ದಾರರ ಆಜ್ಞೆ. ಒಂದೇ ಲಾಟೀನು ತಂದಿದ್ದೆವು. ಅದನ್ನು ಹರಗೋಲಿನ ಗುರುತಿಗೆಂದು ನೀರಿನ ಅಂಚಿನಲ್ಲಿ ಇಟ್ಟಿದ್ದರು. ಕತ್ತಲೆ ಬಂತು. ಚುಕ್ಕೆ ಬಂದವು. ಚಂದ್ರ ಬರಲಿಲ್ಲ.

"ಸ್ವಲ್ಪ ತಡಾ ಆಗಿರಬೇಕು," ಎಂದೆ.

"ಚಂದ್ರ ಏನು ಮುದಗಲ್ ಬಸ್ಸೇನ್ ಮಾಸ್ತರ, ತಡಾ ಆಗಾಕ?" ಎಂದ ಖಾದರ್ ಸಾಬ.

ಸುಭದ್ರಾಳ ದನಿ ಕತ್ತಲೆಯಲ್ಲಿ ಮೆಲ್ಲಗೆ ಬಂತು. "ರೀ. ಕ್ಯಾಲೆಂಡರಿನ್ಯಾಗ ಆ ಗುಂಡಂದು ಬೆಳ್ಳಗಿತ್ತೋ, ಕರ್ರಗಿತ್ತೋ?"

"ಕರ್ರಗ. ಪೂರ್ತಿ ತುಂಬಿತ್ತು."

ಯಾರ ಕೈಯಿಂದಲೋ ರೊಟ್ಟಿ ಮರಳಿಗೆ ಬಿತ್ತು.

"ಅಮಾಸಿ!" ಎಂದರು ಬಸಮ್ಮ. "ಅಯ್ಯ ಶಿವನ! ಅಮಾಸಿ ರಾತ್ರಿ ಹೊಳ್ಯಾಗ ತಂದು ಕುಂದರ್ಸ್ಯಾರ ನಮ್ಮನ್ನ! ಅದಕ್ಕ ಅಂಬಿಗರು ಬರವಲ್ಲೆ ಅಂದ್ರು!"

ಹಿಂದಕ್ಕೆ ಹೋಗೋಣ ಎಂದರು ಈರಣ್ಣ. ಹವಾಲ್ದಾರರು ಗಂಟಲು ಸರಿಮಾಡಿಕೊಂಡು, ಕತ್ತಲೆಯಲ್ಲಿ ಹರಗೋಲು ನಡೆಸುವುದು ತಮ್ಮ ಟ್ರೇನಿಂಗಿನಲ್ಲಿ ಬಂದಿಲ್ಲವೆಂದು ತಿಳಿಸಿದರು. ಹಗಲಿನಲ್ಲಿ ನಡೆಸುವುದೂ ಬಂದಿರಲಿಲ್ಲ ಎಂದು ನನಗನಿಸಿತು. ಹೇಳುವ ಅರ್ಹತೆ ನನಗೆ ಉಳಿದಿರಲಿಲ್ಲ.

ಆಗಲೇ ಜಾಲಿಗಿಡಗಳ ಕಡೆಯಿಂದ ಆ ಸದ್ದು ಬಂತು. ಹೆಣ್ಣುಮಗಳೊಬ್ಬಳು ದೂರದಲ್ಲಿ ಅಳುತ್ತ, ಅಳು ಏರಿಸುತ್ತ, ಥಟ್ಟನೆ ನಿಲ್ಲಿಸಿದ ಹಾಗೆ.

"ಹಕ್ಕಿ," ಎಂದರು ಹವಾಲ್ದಾರರು.

"ಯಾವ ಹಕ್ಕಿ?"

"ಅಳೋ ಹಕ್ಕಿ."

ಆಮೇಲೆ ಒಬ್ಬರಿಗೊಬ್ಬರು ಅಂಟಿಕೊಂಡು ಕೂತೆವು. ರೊಟ್ಟಿ ನುಂಗಿದರೆ ಸದ್ದಾಗುತ್ತದೆಂದು ಬಾಯಲ್ಲೇ ಇಟ್ಟುಕೊಂಡಿದ್ದೆ.

ಎಷ್ಟು ಹೊತ್ತಾಯಿತೋ, ನೀರಿನ ಅಂಚಿನ ಲಾಟೀನು 'ಚುಂಯ್' ಎಂದಿತು. ಆರಿಹೋಯಿತು. ಗಾಳಿಯ ಒಂದು ಎಳೆಯೂ ಇರಲಿಲ್ಲ. ಯಾರೋ ಎರಡು ಬೆರಳಿನಿಂದ ಬತ್ತಿ ಚಿವುಟಿದ ಹಾಗೆ ಆರಿತು.

"ನನ್ನ ಚಪ್ಪಲಿ ಇಲ್ಲ," ಎಂದ ಖಾದರ್ ಸಾಬ ಪಿಸುದನಿಯಲ್ಲಿ. "ಇಲ್ಲೇ ಕಾಲಕಡೆ ಬಿಟ್ಟಿದ್ನಲ್ಲಾ. ಯಾ ಅಲ್ಲಾ, ಚಪ್ಪಲಿ ತಾವಾಗೇ ಎದ್ದು ಹೋಗ್ಯಾವ!"

ತಡಕಾಡಿ ನೋಡಿದರೆ ಯಾರ ಚಪ್ಪಲಿಯೂ ಇರಲಿಲ್ಲ. ನನ್ನ ಪಾದಗಳಿಗೆ ತಣ್ಣಗೆ ಏನೋ ಸೋಕಿ ಹಿಂದೆ ಸರಿಯಿತು. ಮತ್ತೆ ಸೋಕಿತು. ನಾಲಿಗೆಯ ಹಾಗೆ. ಕಾಲು ಮಡಚಿ ಪೃಷ್ಠದ ಕೆಳಗೆ ಸೇರಿಸಿಕೊಂಡೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ನಿಜವಾಗಿಬಿಡುತ್ತದೆಂಬ ಭಯ!

ಹವಾಲ್ದಾರರು ನಾಯಕತ್ವ ತೋರಿಸಬೇಕಾದ ಗಳಿಗೆ ಅದು. "ಯಾರೂ ಹೆದರಬ್ಯಾಡ್ರಿ! ಫೌಜಿನ್ಯಾಗ ಇಂಥ ಟೈಮಿಗೆ ಗಿನತಿ ಮಾಡ್ತೀವಿ. ಒಬ್ಬೊಬ್ಬರ ನಂಬರ್ ಹೇಳ್ರಿ. ನಂದು ಒಂದು!"

"ಎರಡು," ಎಂದರು ಈರಣ್ಣ.

"ಮೂರು," ಬಸಮ್ಮ.

"ನಾಕು," ಖಾದರ್ ಸಾಬ.

"ಐದು," ಸುಭದ್ರಾ.

"ಆರು," ಎಂದೆ ನಾನು.

"ಏಳು."

ಹೊಳೆ ನಿಂತಿತು ಅನ್ನಿಸಿತು. ಆ ದನಿ ನನ್ನ ಹಿಂದಿನಿಂದ ಬಂದಿತ್ತು. ಸ್ವಲ್ಪ ದೂರದಿಂದ. ಹೆಣ್ಣಿನದು, ಗಾಳಿ ತುಂಬಿದ್ದು, ಮರಳು ಸುರಿದ ಹಾಗಿದ್ದದ್ದು.

"ಯಾರು ಚ್ಯಾಷ್ಟಿ ಮಾಡಾಕತ್ತೀರಿ?" ಎಂದರು ಹವಾಲ್ದಾರರು. ಅವರ ದನಿ ಎರಡು ಮಟ್ಟ ಮೇಲಕ್ಕೆ ಹೋಗಿತ್ತು. "ಮತ್ತೊಮ್ಮೆ! ಒಂದು!"

"ಎರಡು." "ಮೂರು." "ನಾಕು." "ಐದು."

ನನ್ನ ಸರದಿ. ಬಾಯಲ್ಲಿ ರೊಟ್ಟಿ ಹಾಗೇ ಇತ್ತು. "ಆ... ಆರು."

"ಏಳು!"

ಈ ಸಲ ನನ್ನ ಕಿವಿಯ ಹತ್ತಿರ. ಜೊತೆಗೆ ಒಂದು ಕೈ ನನ್ನ ಹೆಗಲ ಮೇಲೆ ಬಿತ್ತು. ಒದ್ದೆಯಾದ, ಎಲುಬೇ ಎಲುಬಿನ, ತಣ್ಣನೆಯ ಕೈ.

ಆ ಮೇಲೆ ನಡೆದದ್ದನ್ನು ಕ್ರಮವಾಗಿ ಹೇಳಲಾರೆ. ಮೊದಲು ಓಡಿದವರು ನಮ್ಮ ಗೈಡು. ಎರಡನೆಯವನು ನಾನು. ಹೆಂಡತಿಯ ಕೈ ಹಿಡಿದುಕೊಂಡೇ ಓಡಿದೆ ಎಂದು ನಂಬಿದ್ದೆ. ಹರಗೋಲಿನೊಳಗೆ ಬಿದ್ದ ಮೇಲೆ ನೋಡಿದರೆ ನಾನು ಹಿಡಿದಿದ್ದದ್ದು ಈರಣ್ಣನ ಔಷಧಿ ಪೆಟ್ಟಿಗೆ! ಸುಭದ್ರಾ ಬಸಮ್ಮನನ್ನು ಎಳೆದುಕೊಂಡು ತಾನಾಗಿಯೇ ಹತ್ತಿದ್ದಳು. ಆ ಕತ್ತಲೆಯಲ್ಲೂ ಅವಳ ನೋಟ ನನ್ನ ಮುಖಕ್ಕೆ ತಾಗುತ್ತಿತ್ತು.

ವಿಚಿತ್ರವೆಂದರೆ, ಮರಳಿನ ಮೇಲೆ ಎಳೆದಿಟ್ಟಿದ್ದ ಹರಗೋಲು ಆಗಲೇ ತೇಲುತ್ತಿತ್ತು. ನಮಗಾಗಿಯೇ ತಯಾರಾಗಿ ನಿಂತ ಹಾಗೆ. ಹತ್ತಿದ ಕೂಡಲೇ ಯಾರೋ ಜಗ್ಗಿದವರ ಹಾಗೆ ಕತ್ತಲೆಯೊಳಕ್ಕೆ ಹೊರಟಿತು.

"ಎಲ್ಲಾರೂ ಬಂದ್ರೇನು? ಎಣಿಸ್ರಿ," ಎಂದರು ಈರಣ್ಣ.

ಯಾರೂ ಬಾಯಿ ಬಿಡಲಿಲ್ಲ. ಆ ಏಳನೆಯದು ಹರಗೋಲಿನೊಳಗೇ ಕೂತಿದ್ದರೆ?

ಹವಾಲ್ದಾರರು ಹುಟ್ಟು ಹಾಕಿದರು. ಖಾದರ್ ಸಾಬ ಕೈಯಿಂದ ನೀರು ತಳ್ಳಿದ. ನಾನು ಔಷಧಿ ಪೆಟ್ಟಿಗೆಯ ಮುಚ್ಚಳದಿಂದ ತಳ್ಳಿದೆ. ತೋಳು ಕಳಚಿಬೀಳುವ ಹಾಗೆ ತಳ್ಳಿದರೂ ಆ ದನಿ ಮಾತ್ರ ದೂರವಾಗಲೊಲ್ಲದು. ನಾವು ಎಷ್ಟು ದೂರ ಹೋದೆವೋ ಅದೂ ಅಷ್ಟೇ ದೂರ ಬಂತು. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಆದರೆ ಯಾವಾಗಲೂ ಅಷ್ಟೇ ಅಂತರದಲ್ಲಿ. ನೀರಿನ ಮೇಲೆ ನಡೆದುಬರುತ್ತಿದೆಯೇ?

"ಹಗ್ಗಾ..." ಎನ್ನುತ್ತಿತ್ತು ದನಿ. "ಹಗ್ಗಾ... ಹಗ್ಗಾ..."

"ಉರುಲು ಹಾಕ್ಕೊಂಡು ಸತ್ತಾಕಿ!" ಎಂದು ಬಸಮ್ಮ ಬಿಕ್ಕಿದರು. "ಹಗ್ಗ ಕೇಳಾಕತ್ತಾಳ್ರೀ! ಕೊಟ್ಟುಬಿಡ್ರಿ ಯಾರರ!"

ಕೊಡಲು ಯಾರ ಬಳಿ ಹಗ್ಗವಿತ್ತು? ನಾನು ನನ್ನ ಉಡದಾರ ಬಿಚ್ಚಿ ಹೊಳೆಗೆ ಎಸೆದೆ. ಆಪತ್ಕಾಲದಲ್ಲಿ ಮನುಷ್ಯ ಇರುವುದನ್ನು ಕೊಡಬೇಕು. ಆಕೆಗೆ ಅದು ಸಾಲಲಿಲ್ಲ ಅಂತ ಕಾಣುತ್ತದೆ. "ಹಗ್ಗಾ..." ನಿಲ್ಲಲಿಲ್ಲ.

ಒಂದು ಸಲ ಹರಗೋಲು ಜೋರಾಗಿ ಜಗ್ಗಿ ವಾಲಿತು. ನೀರು ಒಳಗೆ ನುಗ್ಗಿತು. ಆ ಕ್ಷಣದಲ್ಲಿ ನಗುವಂಥದ್ದು ಏನೂ ಇರಲಿಲ್ಲ. ನಮ್ಮಲ್ಲಿ ಈಜು ಬರುತ್ತಿದ್ದವರು ಯಾರೂ ಇರಲಿಲ್ಲ. ಸುಭದ್ರಾಳ ಕೈ ನನ್ನ ಕೈಯನ್ನು ಹುಡುಕಿ ಹಿಡಿಯಿತು. "ಹೊಳಿ ನೋಡಬೇಕು ಅಂದಿದ್ದು ನನ್ನ ತಪ್ಪು ರೀ," ಎಂದಳು. ಅಲ್ಲ, ನನ್ನದು ಎನ್ನಬೇಕಿತ್ತು. ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಏನೋ ಸೆಳೆದ ಹಾಗಾಗಿ ಹರಗೋಲು ಮತ್ತೆ ನೆಟ್ಟಗಾಯಿತು. ದನಿಯೂ ನಿಂತಿತು. ಅದು ನಿಂತದ್ದು ಇನ್ನೂ ಭಯಂಕರವಾಗಿತ್ತು. ಮಾತಾಡುವ ದೆವ್ವ ಎಲ್ಲಿದೆ ಎಂದಾದರೂ ತಿಳಿಯುತ್ತದೆ.

ಹರಗೋಲು ತಿರುಗಿತು, ತಿರುಗಿತು. ನಾವು ಮುದುಡಿಕೊಂಡು ಕಣ್ಣು ಮುಚ್ಚಿದೆವು.

ಬೂದುಬಣ್ಣದ ಬೆಳಗು ಹರಿದಾಗ ಎದುರಿಗೆ ಮರಳಿನ ದಂಡೆ ಕಂಡಿತು. ಇಡೀ ರಾತ್ರಿ ತೇಲಿದ್ದೇವೆ, ರಾಯಚೂರು ದಾಟಿ ಆಂಧ್ರದೊಳಕ್ಕೆ ಬಂದಿರಬೇಕು ಎಂದು ಹವಾಲ್ದಾರರು ಲೆಕ್ಕ ಹಾಕಿದರು. ದಂಡೆಯ ಮೇಲೆ, ಜಾಲಿಯ ಬೊಡ್ಡೆಗೆ ಆನಿಸಿಕೊಂಡು ಒಬ್ಬ ಮುದುಕಿ ಕೂತಿದ್ದಳು. ಸಿಂಧನೂರಿನ ಸಂತೆಯಲ್ಲಿ ಕಲಿತ ತೆಲುಗನ್ನೆಲ್ಲ ಒಟ್ಟುಗೂಡಿಸಿ ಹವಾಲ್ದಾರರು ಕೂಗಿದರು:

"ಅಮ್ಮಾ! ಇದಿ ಏ ಊರು ಅಂಡಿ?"

"ಯಾವ ಊರೋ ನಿನ್ನ ಮಾರಿಗಿಷ್ಟು!" ಎಂದಳು ಮುದುಕಿ ಅಚ್ಚ ಕನ್ನಡದಲ್ಲಿ. "ರಾತ್ರಿ ಎಲ್ಲಿ ಕುಂತು ರೊಟ್ಟಿ ತಿಂದ್ರೋ ಅದ ಗಡ್ಡಿ!"

ನಾವು ನಿಧಾನವಾಗಿ ತಲೆ ತಿರುಗಿಸಿದೆವು. ನಮ್ಮ ಹರಗೋಲಿನ ಹಗ್ಗ ನೀರಿನಿಂದ ಎದ್ದು, ದಂಡೆ ಹತ್ತಿ, ಮುದುಕಿಯ ಹಿಂದಿನ ಜಾಲಿಬೊಡ್ಡೆಗೆ ಹೋಗಿ ಮುಟ್ಟಿತ್ತು. ಬಿಚ್ಚುವುದು ಯಾರಿಗೂ ನೆನಪಾಗಿರಲಿಲ್ಲ! ಇಡೀ ರಾತ್ರಿ ನಾವು ಕಟ್ಟಿದ ಎಮ್ಮೆಯ ಹಾಗೆ ಒಂದೇ ಜಾಗದಲ್ಲಿ ಸುತ್ತಿದ್ದೆವು.

ಆಕೆ ಹಂಪಮ್ಮ. ಗಡ್ಡೆಯ ಆಚೆ ತುದಿಯಲ್ಲಿ ಅವರ ಕಲ್ಲಂಗಡಿ ತೋಟ. ನರಿ ಬಂದಾವೆಂದು ಬೇಸಿಗೆಯಲ್ಲಿ ರಾತ್ರಿ ಅಲ್ಲೇ ಗುಡಿಸಲಿನಲ್ಲಿ ಇರುತ್ತಾಳೆ. ಹವಾಲ್ದಾರರ 'ಅಳೋ ಹಕ್ಕಿ' ಆ ನರಿಗಳೇ. ಮುಂದಿನ ಹಲ್ಲು ಒಂದೂ ಇಲ್ಲ. ಸಿಟ್ಟು ಮಾತ್ರ ಪೂರ್ತಿ ಇತ್ತು.

"ಮ್ಯಾಲಿಂದ ನೀರು ಬಿಟ್ಟಾರ, ಹೊಳಿ ಏರಾಕತ್ತೈತಿ. ನೀವು ತಗ್ಗಿನ್ಯಾಗ ಕುಂತೀರಿ. ಒದರಿ ಹೇಳೋಣಂತ ಕತ್ತಲಾಗ ಬಿದ್ದು ಎದ್ದು ಬಂದ್ರ, ನೀವು ಲೆಕ್ಕ ಮಾಡಾಕತ್ತೀರಿ! ಈ ಮನಷ್ಯಾನ ಕುಂಡಿ ತಳಗ ನೀರು ಬಂದೈತಿ, ಕಲ್ಲಿನಂಗ ಕುಂತಾನ. ಏಳು, ಏಳು ಅಂತ ಹೊಯ್ಕೊಂಡೆ. ಎಬ್ಬಸಾಕ ಕೈ ಹಚ್ಚಿದ್ರ ಚೀರಿ ಓಡಿದ್ರಿ!"

ಎಣಿಕೆಯ ಏಳಲ್ಲ. ಎದ್ದೇಳುವ ಏಳು!

"ಮತ್ತ... ಹಗ್ಗ?" ಎಂದರು ಬಸಮ್ಮ ಸಣ್ಣ ದನಿಯಲ್ಲಿ.

"ಗೂಟ ಕಿತ್ತಿತ್ತವ್ವ. ಹಗ್ಗ ಹಿಡಕೊಂಡು ಜಗ್ಗಿ ಬರ್ರಿ, ಹಗ್ಗಾ, ಹಗ್ಗಾ ಅಂತ ಬಡಕೊಂಡೆ. ನಾ ಜಗ್ಗಿದಂಗ ನೀವು ಆಕಡಿ ತಳ್ಳಾಕತ್ತೀರಿ! ಕಡೀಕ ಬೊಡ್ಡಿಗೆ ಸುತ್ತಿ ಹಿಡಕೊಂಡು ಕುಂತೆ."

ನಿನ್ನೆ ಸಂಜೆ ನಾವು ಊಟಕ್ಕೆ ಕೂತಿದ್ದ ಬಿಳಿ ಮರಳನ್ನು ಹುಡುಕಿದೆ. ಅಲ್ಲಿ ಕಂದುಬಣ್ಣದ ನೀರು ಸದ್ದಿಲ್ಲದೆ, ಏನೂ ಆಗಿಲ್ಲವೆಂಬಂತೆ ಹರಿಯುತ್ತಿತ್ತು. ಬಹಳ ಹೊತ್ತು ನೋಡಲಾಗಲಿಲ್ಲ. ಹಂಪಮ್ಮನ ಎರಡೂ ಅಂಗೈ ಸುಲಿದು ಕೆಂಪಾಗಿದ್ದವು. ಸುಭದ್ರಾ ಆಕೆಯ ಪಕ್ಕ ಕೂತು ಆ ಕೈಗಳನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು. ಈರಣ್ಣ ಔಷಧಿ ಪೆಟ್ಟಿಗೆ ತೆರೆದು ಮುಲಾಮು ಹಚ್ಚಿದರು. ನಾನು ಹೆಂಡತಿಯ ಬದಲು ಆ ಪೆಟ್ಟಿಗೆ ಉಳಿಸಿದ್ದು ಒಂದು ರೀತಿಯಲ್ಲಿ ದೂರದೃಷ್ಟಿಯೇ ಎಂದು ಹೇಳಹೋದೆ. ಸುಭದ್ರಾ ತಲೆಯೆತ್ತಿ ನೋಡಿದಳು. ವಾಕ್ಯವನ್ನು ಅಲ್ಲಿಗೇ ನಿಲ್ಲಿಸಿದೆ.

ಹವಾಲ್ದಾರರು ಸಿಂಧನೂರಿಗೆ ಮರಳಿ ಹಿಟ್ಟಿನ ಗಿರಣಿ ಹಾಕಿದರು.

ಮುಂದೆ ಹುಣ್ಣಿಮೆ ಬಂದಾಗ ಸುಭದ್ರಾ, ಬಸಮ್ಮ ಇಬ್ಬರೂ ರೊಟ್ಟಿ ಕಟ್ಟಿಕೊಂಡು, ಹಂಪಮ್ಮನಿಗೊಂದು ಸೀರೆ ಇಟ್ಟುಕೊಂಡು ಲಿಂಗಸುಗೂರಿನ ಬಸ್ಸಿಗೆ ಹೊರಟರು. ನಾನೂ ಚೀಲ ಹಿಡಿದು ಬಾಗಿಲಿಗೆ ಬಂದೆ.

"ನೀವು ಬ್ಯಾಡ್ರಿ," ಎಂದಳು ಸುಭದ್ರಾ. "ಅಂಬಿಗರು ಬರ್ತೀವಿ ಅಂದಾರ. ನಾವು ಹೆಣ್ಣುಮಕ್ಕಳು ಆರಾಮ ಹೋಗಿ ಬರ್ತೀವಿ."

ಸರಿ, ಮನೆ ಕಾಯುವುದೂ ಒಂದು ಜವಾಬ್ದಾರಿಯೇ. ಆ ರಾತ್ರಿ ಮಸ್ಕಿಯಲ್ಲಿ ಕರೆಂಟು ಹೋಯಿತು. ಹೊರಗೆ ಹಾಲಿನಂಥ ಬೆಳದಿಂಗಳು. ನಾನು ಬಾಗಿಲಿಗೆ ಅಗಳಿ ಹಾಕಿ, ಅದಕ್ಕೆ ಇನ್‌ಸ್ಟಿಟ್ಯೂಟಿನಿಂದ ಹೊತ್ತುತಂದ ಒಂದು ಟೈಪ್‌ರೈಟರನ್ನೂ ಆನಿಸಿ ಕೂತಿದ್ದೆ. ಯಾರೋ ಬಾಗಿಲು ಬಡಿದರು. ಮತ್ತೆ ಬಡಿದರು.

"ಯಾ... ಯಾರು?"

"ನಾನ್ ಮಾಸ್ತರ, ಖಾದರ್. ನಮ್ಮಾಕಿ ತವರಿಗೆ ಹೋಗ್ಯಾಳ. ಒಬ್ಬನ ಮಕ್ಕೊಳಾಕ... ಅಂದ್ರ, ನಿಮಗ ಹೆದರಿಕಿ ಆಗಿರಬೇಕಂತ ಬಂದೆ."

ಬಾಗಿಲು ತೆರೆಯುವುದು ಸ್ವಲ್ಪ ತಡವಾಯಿತು. ಟೈಪ್‌ರೈಟರು ಬಹಳ ಭಾರವಿತ್ತು.